ಸಕ್ಕರೆ ಕಾಯಿಲೆಯವರ ಚಪ್ಪಲಿಗೂ ಬಣ್ಣ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮಕ್ಕಳ ಫೋಮ್ ಚಪ್ಪಲಿಗೆ ಬಣ್ಣ ಹಚ್ಚಿ ಅಂದ ಮಾಡುವುದು ಹೇಗೆ ಅಂತ ಒಂದು ಸಣ್ಣ ಬರಹ ಬಂದಿತ್ತು. ಫೋಟೋ ಚೆನ್ನಾಗಿತ್ತು. ಆದರೆ ಮನೆಯಲ್ಲಿರುವ ಯಾವುದಾದರೂ ಅಕ್ರಿಲಿಕ್ ಬಣ್ಣ ಹಚ್ಚಿ ಒಣಗಿಸಿದರೆ ಆಯಿತು ಅಂತ ಬರೆದಿದ್ದರಲ್ಲ, ಆ ಒಂದು ಮಾತಿಗಾಗಿ ಈ ಪತ್ರ. ಅಷ್ಟಕ್ಕೆ ಆಗುವುದಿಲ್ಲ. ಎರಡು ವರ್ಷ ಇದೇ ಕೆಲಸದಲ್ಲಿ ಕೈ ಬಣ್ಣ ಮಾಡಿಕೊಂಡಿದ್ದೇನೆ, ಎಂಟು ಜೊತೆ ಚಪ್ಪಲಿ ಹಾಳು ಮಾಡಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಹಾಕಿ.

ನಾನು ಮಕ್ಕಳ ಚಪ್ಪಲಿಗೆ ಬಣ್ಣ ಹಚ್ಚಲು ಹೊರಟವಳಲ್ಲ. ನಮ್ಮ ಅವ್ವನ ಚಪ್ಪಲಿಗೆ ಹಚ್ಚಲು ಹೊರಟವಳು. ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷ ಆಯಿತು. ಕಾಲಿನ ಸ್ಪರ್ಶ ಕಡಿಮೆಯಾಗಿದೆ. ಮೂರು ವರ್ಷದ ಹಿಂದೆ ಒಂದು ದಿನ ಬೆಳಗಿಂದ ಸಂಜೆವರೆಗೆ ಚಪ್ಪಲಿ ಒಳಗೆ ಒಂದು ಹುಣಸೆ ಬೀಜ ಇಟ್ಟುಕೊಂಡೇ ಓಡಾಡಿದ್ದಳು. ಗೊತ್ತೇ ಆಗಿರಲಿಲ್ಲ. ರಾತ್ರಿ ಕಾಲು ತೊಳೆಯುವಾಗ ಹೆಬ್ಬೆರಳಿನ ಬುಡದಲ್ಲಿ ನೀರುಗುಳ್ಳೆ, ಸುತ್ತ ಕೆಂಪು. ಆ ಗುಳ್ಳೆ ಹುಣ್ಣಾಗಿ, ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆಗಲೇ ಡಾಕ್ಟರ್ ಹೇಳಿದ್ದು: ಇನ್ನು ಮೇಲೆ ಮೆತ್ತನೆ ಚಪ್ಪಲಿ ಬಿಟ್ಟು ಬೇರೆ ಹಾಕಬೇಡಿ, ಮನೆ ಒಳಗೂ.

ಆ ಚಪ್ಪಲಿ ನೀವು ನೋಡಿರಬಹುದು. ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಪಾದ ಊರುವ ಜಾಗದಲ್ಲಿ ಎಂಸಿಆರ್ ಅನ್ನುವ ಮೆತ್ತನೆ ರಬ್ಬರ್, ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವಂಥದ್ದು. ಕೆಳಗಿನ ದಪ್ಪ ತಳ ಮತ್ತು ಮೇಲಿನ ಅಗಲ ಪಟ್ಟಿ ಇವಿಎ ಅನ್ನುವ ಹಗುರ ಪ್ಲಾಸ್ಟಿಕ್ ಫೋಮ್. ಪಟ್ಟಿಗೆ ವೆಲ್ಕ್ರೋ. ಈ ಎಂಸಿಆರ್ ಹಿಂದೆ ದೊಡ್ಡ ಕಥೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1946ರಿಂದ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕಾಲಿನ ಹುಣ್ಣಿಗೆ ಕಾರಣ ಹುಡುಕುತ್ತಾ ಹೋದರು. ನೋವೇ ಗೊತ್ತಾಗದ ಕಾಲಿನ ಮೇಲೆ ದಿನವೂ ಬೀಳುವ ಒತ್ತಡವೇ ಮುಖ್ಯ ಕಾರಣ ಅಂತ ತೋರಿಸಿದರು. ಮೆತ್ತನೆ ತಳದ ಚಪ್ಪಲಿ ಅಲ್ಲಿಂದ ಚಿಕಿತ್ಸೆಯ ಭಾಗವೇ ಆಯಿತು. ಸಕ್ಕರೆ ಕಾಯಿಲೆಯವರ ಕಾಲಿಗೂ ಅದೇ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರತಂದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಜನ. ಅವರೆಲ್ಲರಿಗೂ ಈ ಚಪ್ಪಲಿ ಬೇಕಿಲ್ಲ. ಬೇಕಾದವರೂ ಕಡಿಮೆ ಇಲ್ಲ.

ನಾನು ತಂದುಕೊಟ್ಟೆ. ಅವ್ವ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಹಾಕುತ್ತಿದ್ದಳು, ಬಾಗಿಲು ದಾಟುವಾಗ ಬಿಡುತ್ತಿದ್ದಳು. ಗುಡಿಗೆ ಹೊರಟರೆ ಹಳೆ ತೊಗಲಿನ ಚಪ್ಪಲಿ. ಮದುವೆಗೆ ಹೊರಟರೆ ಹೀಲ್ಸ್ ಇರುವುದು. ಜಗಳ ಆಡಿದೆ, ಹೆದರಿಸಿದೆ, ಡಾಕ್ಟರ್ ಹತ್ತಿರ ಹೇಳಿಸಿದೆ. ಕೊನೆಗೆ ಒಂದು ದಿನ ಮೆಲ್ಲಗೆ ಹೇಳಿದಳು. "ಅದು ಜಡ್ಡಿನವರ ಚಪ್ಪಲಿ ಕಂಡಂಗ ಕಾಣತೈತಿ ಯವ್ವಾ. ಇಳಕಲ್ ಸೀರಿ ಉಟ್ಕೊಂಡು ಅದನ್ನ ಹಾಕ್ಕೊಂಡ್ರ, ಎಲ್ಲಾರೂ ಮೊದಲ ಕಾಲು ನೋಡ್ತಾರ, ಆಮ್ಯಾಲ ಮುಖ ನೋಡ್ತಾರ." ನನಗೆ ಏನೂ ಹೇಳಲು ತೋಚಲಿಲ್ಲ. ಯಾಕೆಂದರೆ ಅವಳು ಹೇಳಿದ್ದು ನಿಜ. ಕಪ್ಪು, ಇಲ್ಲವೆಂದರೆ ಕಂದು. ನಮ್ಮೂರಿನ ಅಂಗಡಿಯಲ್ಲಿ ಇದ್ದದ್ದು ಎರಡೇ.

ಅವತ್ತು ಶುರು ಮಾಡಿದೆ ಬಣ್ಣ ಹುಡುಕಲು.

ಮೊದಲು ಹಚ್ಚಿದ್ದು ಎನಾಮೆಲ್. ಗೇಟಿಗೆ ಹಚ್ಚಿ ಉಳಿದ ಕೆಂಪು ಡಬ್ಬಿ ಮನೆಯಲ್ಲೇ ಇತ್ತು. ಹಚ್ಚಿದ ದಿನ ಕಣ್ಣಿಗೆ ಹಬ್ಬ. ಅಷ್ಟು ಹೊಳಪು. ಎರಡನೇ ವಾರ ಬೆರಳು ಮಡಚುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ತಿಂಗಳಿಗೆ ಕೆರೆಯ ಒಣಗಿದ ಮಣ್ಣಿನ ಹಾಗೆ ಒಡೆದು ಹೆಕ್ಕಳ ಹೆಕ್ಕಳ ಏಳತೊಡಗಿತು. ಎನಾಮೆಲ್ ಒಣಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಒಣಗಿದ ಮೇಲೂ ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಹೋಗುತ್ತದೆ. ಗೇಟಿಗೆ ಅದು ಒಳ್ಳೆಯದು, ಗೇಟು ಬಗ್ಗುವುದಿಲ್ಲ. ಚಪ್ಪಲಿ ಒಂದೊಂದು ಹೆಜ್ಜೆಗೂ ಬಗ್ಗುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದು ಮಕ್ಕಳ ಚಪ್ಪಲಿಗೆ ಹಚ್ಚುವವರಿಗೆ ಮುಖ್ಯ. ಹಳೆ ಎನಾಮೆಲ್ ಡಬ್ಬಿಗಳನ್ನು, ಅದರಲ್ಲೂ ಗಾಢ ಹಳದಿ, ಕಿತ್ತಳೆ, ಕೆಂಪು ಬಣ್ಣದವನ್ನು, ಮಕ್ಕಳ ವಸ್ತುಗಳ ಹತ್ತಿರ ತರಬೇಡಿ. ಆ ಬಣ್ಣಗಳಿಗೆ ಸೀಸದ ಸಂಯುಕ್ತ ಬಳಸುವ ರೂಢಿ ಇತ್ತು. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದೂ ಮನೆ ಮತ್ತು ಅಲಂಕಾರದ ಬಣ್ಣಗಳಿಗೆ. ಯಂತ್ರ, ವಾಹನಗಳಿಗೆ ಹಚ್ಚುವ ಬಣ್ಣ ಆ ನಿಯಮದ ಒಳಗೆ ಬರುವುದಿಲ್ಲ. ಪುಟ್ಟ ಮಕ್ಕಳು ಚಪ್ಪಲಿಯನ್ನೂ ಬಾಯಿಗೆ ಇಡುತ್ತವೆ, ಅಲ್ವಾ.

ಆಮೇಲೆ ಮಕ್ಕಳ ಅಕ್ರಿಲಿಕ್ ಹಚ್ಚಿದೆ, ಪುರವಣಿಯಲ್ಲಿ ಈಗ ಹೇಳಿರುವಂಥದ್ದೇ. ಮೂರು ದಿನಕ್ಕೆ ಸಿಪ್ಪೆ ಸಿಪ್ಪೆಯಾಗಿ ಬಂತು, ಬಾಳೆಹಣ್ಣು ಸುಲಿದ ಹಾಗೆ. ಉಗುರು ಬಣ್ಣ ಹಚ್ಚಿದೆ, ಪಟಪಟ ಒಡೆಯಿತು. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದರೆ ಗೆರೆ ಹರಡಿಕೊಂಡು, ಕೆಲವೇ ವಾರಕ್ಕೆ ಕಪ್ಪು ಹೋಗಿ ನೇರಳೆ ಆಯಿತು. ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಬಣ್ಣ ಇವೆಲ್ಲಕ್ಕಿಂತ ಮೇಲು. ಅದು ಬಗ್ಗುತ್ತದೆ, ಒಡೆಯುವುದಿಲ್ಲ. ಆದರೆ ನೀರು ಬಿದ್ದರೆ ಅಂಚಿನಿಂದ ಮೇಲೇಳುತ್ತದೆ. ಬಾಟಲಿ ಮೇಲೆ ಹಿಂದಿನಿಂದ ಇಸ್ತ್ರಿ ಮಾಡಿ ಅಂತ ಬರೆದಿರುತ್ತಾರೆ. ಫೋಮಿಗೆ ದಯವಿಟ್ಟು ಇಸ್ತ್ರಿ ಇಡಬೇಡಿ. ಇವಿಎ ಬಿಸಿಗೆ ಬೇಗ ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಫೋಮ್ ಚಪ್ಪಲಿ ಒಂದು ಸೈಜು ಸಣ್ಣ ಆಗಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಓಣಿ ತುದಿಯಲ್ಲಿ ಚಪ್ಪಲಿ ಹೊಲಿಯುವವರು ಒಬ್ಬರು ಕೂರುತ್ತಾರೆ. ಅವರ ಹತ್ತಿರ ಆ ಸುಲಿದ ಚಪ್ಪಲಿ ಒಯ್ದು ತೋರಿಸಿದೆ. ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒಮ್ಮೆ ಸವರಿದರು ಅಷ್ಟೆ. "ಬಣ್ಣದ್ದು ತಪ್ಪಲ್ಲರೀ ಅಕ್ಕಾರ. ಇದಕ್ಕ ನಮ್ಮ ಗಮ್ಮೂ ಹಿಡಿಯೂದಿಲ್ಲ. ಮೊದಲ ಉಜ್ಜಬೇಕು, ಪ್ರೈಮರ್ ಹಚ್ಚಬೇಕು, ಆಮ್ಯಾಲ ಗಮ್. ಇಲ್ಲಂದ್ರ ಎಂಥಾ ಗಮ್ ಇದ್ರೂ ತಿಂಗಳಿಗೆ ಬಾಯಿ ಬಿಡತೈತಿ." ಅಷ್ಟು ದಿನ ನಾನು ಯಾವ ಬಣ್ಣ ಅಂತ ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದು ಮೇಲ್ಮೈಯನ್ನು. ಅವರ ಒಂದು ಮಾತಿನಿಂದ ಅರ್ಧ ದಾರಿ ಸವೆಯಿತು.

ಇವಿಎ ಫೋಮಿನ ಗುಣವೇ ಹಾಗೆ. ಅದಕ್ಕೆ ಏನೂ ಅಂಟುವುದಿಲ್ಲ. ಕೆಸುವಿನ ಎಲೆ ಮೇಲೆ ನೀರು ಬಿದ್ದರೆ ಹೇಗೆ ಮುತ್ತಾಗಿ ಉರುಳುತ್ತದೋ, ಹೆಚ್ಚು ಕಡಿಮೆ ಹಾಗೆ. ಇದರ ಜೊತೆಗೆ ಅಚ್ಚಿನಿಂದ ಚಪ್ಪಲಿ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಅಚ್ಚಿಗೆ ಜಾರುವ ದ್ರವ ಹೊಡೆಯುತ್ತಾರೆ. ಅದರ ಪಸೆ ಹೊಸ ಚಪ್ಪಲಿಯ ಮೇಲೆ ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬಣ್ಣ ಹಚ್ಚಿದರೆ ಎಣ್ಣೆ ಕಾವಲಿ ಮೇಲೆ ಹಚ್ಚಿದ ಹಾಗೆ.

ಈಗ ನಾನು ಮಾಡುವುದು ಹೀಗೆ. ಸೋಪಿನ ನೀರಲ್ಲಿ ಹಳೆ ಟೂತ್ ಬ್ರಷ್‌ನಿಂದ ಚೆನ್ನಾಗಿ ತಿಕ್ಕಿ ತೊಳೆದು, ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸುತ್ತೇನೆ. ಬಣ್ಣ ಬರುವ ಜಾಗವನ್ನು ಮಾತ್ರ 400 ನಂಬರಿನ ವಾಟರ್ ಪೇಪರ್‌ನಿಂದ ಹಗುರವಾಗಿ ಉಜ್ಜುತ್ತೇನೆ. ಹೊಳಪು ಹೋಗಿ ಮಬ್ಬಾದರೆ ಸಾಕು, ತೂತು ಬೀಳುವಷ್ಟು ಬೇಡ. ಆಮೇಲೆ ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಎರಡು ಸಲ ಒರೆಸುತ್ತೇನೆ. ಸ್ಯಾನಿಟೈಸರ್ ಮನೆಯಲ್ಲೇ ಇದೆಯಲ್ಲ ಅಂತ ಅದರಲ್ಲಿ ಒರೆಸಬೇಡಿ, ಅದರಲ್ಲಿ ಕೈ ಮೆತ್ತಗಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ, ಆ ಅಂಟು ಹಾಗೇ ಉಳಿಯುತ್ತದೆ. ಕೊನೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಾಗಿ ನಿಂತರೆ ಇನ್ನೊಮ್ಮೆ ಉಜ್ಜಬೇಕು. ಚಪ್ಪಟೆಯಾಗಿ ಹರಡಿಕೊಂಡರೆ ಮುಂದಿನ ಕೆಲಸಕ್ಕೆ ತಯಾರು.

ಪ್ರೈಮರ್ ಸಿಕ್ಕಿದ್ದು ಕಾರಿಗೆ ಬಣ್ಣ ಮಾರುವ ಅಂಗಡಿಯಲ್ಲಿ. ಬಂಪರ್‌ಗಳೂ ಬಣ್ಣ ಹಿಡಿಯದ ಜಾತಿಯ ಪ್ಲಾಸ್ಟಿಕ್ಕೇ. ಅದಕ್ಕೆ ಮೊದಲು ಹೊಡೆಯುವ ಪಾರದರ್ಶಕ ಪ್ಲಾಸ್ಟಿಕ್ ಪ್ರೈಮರ್ ಇದೆ. ಒಂದು ತೆಳು ಪದರ ಸಾಕು. ವಾಸನೆ ಜಾಸ್ತಿ, ಬಯಲಲ್ಲಿ ಹಚ್ಚಿ, ಮಕ್ಕಳನ್ನು ದೂರ ಇಡಿ. ಮೊದಲು ಚಪ್ಪಲಿಯ ಕೆಳಗೆ ಕಾಣದ ಮೂಲೆಯಲ್ಲಿ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ಕೆಲವು ಅಗ್ಗದ ಫೋಮ್ ಆ ದ್ರಾವಕಕ್ಕೆ ಉಬ್ಬಿಕೊಳ್ಳುತ್ತವೆ. ಕಾಲು ತಾಗುವ ಒಳಮೈಗೆ ಇದನ್ನು ಮುಟ್ಟಿಸಲೇಬಾರದು.

ಇನ್ನು ಬಣ್ಣ. ಟಿ-ಶರ್ಟ್ ಪ್ರಿಂಟ್ ಮಾಡುವವರ ಹತ್ತಿರ ಹೋಗಿ ಕೇಳಿದೆ. ಅವರು ಯಂತ್ರದಲ್ಲಿ ಬಳಸುವ ಪ್ಲಾಸ್ಟಿಸಾಲ್ ಇಂಕ್ ಸುಮಾರು 160 ಡಿಗ್ರಿ ಬಿಸಿಯಲ್ಲಿ ಮಾತ್ರ ಹದವಾಗುತ್ತದಂತೆ. ಚಪ್ಪಲಿ ಅಷ್ಟರಲ್ಲಿ ಕರಗಿ ಮುದ್ದೆಯಾಗುತ್ತದೆ. ಆದರೆ ಅದೇ ಅಂಗಡಿಯ ಮೂಲೆಯಲ್ಲಿ ಕೈಯಿಂದ ಸ್ಕ್ರೀನ್ ಪ್ರಿಂಟ್ ಮಾಡುವವರ ಡಬ್ಬಿಗಳಿದ್ದವು. ಬಣ್ಣ ಹಿಡಿದಿಡುವ ಬೈಂಡರ್, ಅದನ್ನು ಗಟ್ಟಿ ಮಾಡುವ ಫಿಕ್ಸರ್, ಬಣ್ಣದ ಪೇಸ್ಟ್, ಖಾದಿ ಬಿಳಿ ಅನ್ನುವ ದಟ್ಟ ಬಿಳಿ. ಇದು ನೀರಿನ ಬಣ್ಣ. ಬೈಂಡರ್ ಒಣಗಿದ ಮೇಲೆ ರಬ್ಬರಿನ ಪೊರೆಯ ಹಾಗೆ ಎಳೆಯುತ್ತದೆ, ಬಿಡುತ್ತದೆ. ಫಿಕ್ಸರ್ ಹಾಕಿದರೆ ಬಿಸಿ ಕೊಡದಿದ್ದರೂ ಕೆಲವು ದಿನಗಳಲ್ಲಿ ನೀರಿಗೆ ಜಗ್ಗದಷ್ಟು ಗಟ್ಟಿಯಾಗುತ್ತದೆ. ನಾನು 100 ಗ್ರಾಂ ಬೈಂಡರಿಗೆ 5 ಗ್ರಾಂ ಪೇಸ್ಟ್ ಹಾಕುತ್ತೇನೆ. ಬಣ್ಣ ಇನ್ನೂ ಜೋರಾಗಲಿ ಅಂತ ಜಾಸ್ತಿ ಪೇಸ್ಟ್ ಸುರಿದರೆ ಹಿಡಿದಿಡಲು ಬೈಂಡರ್ ಸಾಲುವುದಿಲ್ಲ, ಸೀರೆ ಅಂಚಿಗೆ ಬಣ್ಣ ಹತ್ತುತ್ತದೆ. ಅವ್ವನ ಒಂದು ಒಳ್ಳೆ ಸೀರೆಯ ಅಂಚಿಗೆ ಹತ್ತಿದ ಹಸಿರು ಇನ್ನೂ ಹೋಗಿಲ್ಲ. ತೊಗಲಿಗೆ ಅಂತಲೇ ಮಾಡಿದ ಅಕ್ರಿಲಿಕ್ ಬಣ್ಣಗಳೂ ಇವೆ, ಶೂಗಳಿಗೆ ಚಿತ್ರ ಬಿಡಿಸುವ ಹುಡುಗರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅವೂ ಚೆನ್ನಾಗಿ ಬಗ್ಗುತ್ತವೆ, ಬಾಳಿಕೆ ಬರುತ್ತವೆ. ಬೆಲೆ ಮಾತ್ರ ಜಾಸ್ತಿ.

ಕಪ್ಪು ಚಪ್ಪಲಿ ಮೇಲೆ ಹಳದಿ ಹಚ್ಚಿ ನೋಡಿದ್ದೀರಾ? ಹಳದಿ ಬರುವುದಿಲ್ಲ. ಪಾಚಿ ಹಸಿರು ಬರುತ್ತದೆ. ನನಗೆ ಡಬ್ಬಿಯೇ ಬದಲಾಗಿದೆ ಅನಿಸಿ ಮುಚ್ಚಳ ತೆಗೆದು ಮತ್ತೆ ನೋಡಿದ್ದೆ. ಹಳದಿ, ಕೆಂಪು, ಗುಲಾಬಿ ಇವೆಲ್ಲ ಒಂದಿಷ್ಟು ಪಾರದರ್ಶಕ ಬಣ್ಣಗಳು, ಕೆಳಗಿನ ಕಪ್ಪು ಅವನ್ನು ನುಂಗುತ್ತದೆ. ಅದಕ್ಕೆ ಮೊದಲು ಖಾದಿ ಬಿಳಿಯನ್ನು ಎರಡು ತೆಳು ಪದರ ಹಚ್ಚಿ, ಅದರ ಮೇಲೆ ಬಣ್ಣ. ಆಗ ಹಳದಿ ಚೆಂಡುಹೂವಿನ ಹಾಗೆ ಏಳುತ್ತದೆ. ಇನ್ನೊಂದು, ಮಿರಮಿರ ಮಿಂಚುವ ಫ್ಲೋರೆಸೆಂಟ್ ಬಣ್ಣಗಳಿಗೆ ಮರುಳಾಗಬೇಡಿ. ಅಂಗಡಿಯಲ್ಲಿ ಅವೇ ಎದ್ದು ಕಾಣುತ್ತವೆ, ಬಿಸಿಲಿಗೆ ಮೊದಲು ಸಾಯುವುದೂ ಅವೇ. ಕಟ್ಟೆ ಮೇಲೆ ಬಿಟ್ಟ ಒಂದು ಗುಲಾಬಿ ಜೊತೆ ಒಂದೂವರೆ ತಿಂಗಳಲ್ಲಿ ಬಿಳಿಚಿಕೊಂಡಿತು. ಬಾಳುವ ಬಣ್ಣ ಬೇಕಾದರೆ ಥ್ಯಾಲೋ ನೀಲಿ, ಥ್ಯಾಲೋ ಹಸಿರು. ಕಲಾವಿದರ ಟ್ಯೂಬುಗಳ ಮೇಲೆ ಬಣ್ಣದ ಪುಡಿಯ ಗುರುತು ಪಿಬಿ 15, ಪಿಜಿ 7 ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅವು ಬಿಸಿಲಿಗೆ ಹೆದರುವುದಿಲ್ಲ. ಇಂಥ ನಂಬರ್ ಫ್ಯಾಬ್ರಿಕ್ ಬಣ್ಣದ ಬಾಟಲಿ ಮೇಲೆ, ಪ್ರಿಂಟಿಂಗ್ ಪೇಸ್ಟ್ ಮೇಲೆ ನನಗೆ ಒಂದರಲ್ಲೂ ಕಾಣಲಿಲ್ಲ. ಬಣ್ಣ ಮಾಡುವವರು ಇದನ್ನು ಹಾಕಲೇಬೇಕು. ಬಗ್ಗುವ ವಸ್ತುವಿಗೆ ಆಗುತ್ತಾ, ಬಿಸಿಲಿಗೆ ಎಷ್ಟು ತಡೆಯುತ್ತದೆ, ಸೀಸ ಇದೆಯಾ ಇಲ್ಲವಾ, ಮೂರೇ ಸಾಲು ಸಾಕು. ಕೊಳ್ಳುವವರು ಎಂಟು ಜೊತೆ ಹಾಳು ಮಾಡಿ ಕಲಿಯಬೇಕಾ?

ಇಷ್ಟೆಲ್ಲ ಮಾಡಿದ ಮೇಲೂ ಒಂದು ತೊಂದರೆ ಉಳಿದಿತ್ತು. ಪಟ್ಟಿ ಪೂರ್ತಿ ಬಣ್ಣ ಹಚ್ಚಿದರೆ, ಎಷ್ಟೇ ಒಳ್ಳೆ ಬಣ್ಣ ಆಗಲಿ, ಆರೇಳು ತಿಂಗಳಿಗೆ ಮಡಿಕೆ ಬೀಳುವ ಜಾಗದಲ್ಲಿ ಸುಕ್ಕು ಬರುತ್ತಿತ್ತು. ಇದಕ್ಕೆ ದಾರಿ ತೋರಿಸಿದವಳು ಅವ್ವನೇ. ಒಂದು ಸಂಜೆ ಟ್ರಂಕಿನಿಂದ ಅಜ್ಜಿಯ ಚಂದ್ರಕಾಳಿ ಸೀರೆ ತೆಗೆದು ನೆರಳಿಗೆ ಹಾಕಿದ್ದಳು. ಧಾರವಾಡ ಸೀಮೆಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಚಂದ್ರಕಾಳಿ ಅಂದರೆ ಕಪ್ಪು ಸೀರೆ, ಅದರ ಮೇಲೆ ಕಸೂತಿ. ಮದುಮಗಳಿಗೆ ಕೊಡುತ್ತಿದ್ದರು. ಎಳೆ ಎಣಿಸಿ ಎಣಿಸಿ, ಗಂಟು ಹಾಕದೆ ಹಾಕುವ ಹೊಲಿಗೆ. ಎರಡೂ ಕಡೆ ಒಂದೇ ಥರ ಕಾಣುವ ಗವಂತಿ, ಮುರ್ಗಿ, ಜೊತೆಗೆ ನೇಗಿ, ಮೆಂತಿ. ಗೋಪುರ, ತೇರು, ಆನೆ, ತುಳಸಿಕಟ್ಟೆ. ಅವ್ವ ಆ ಸೀರೆಯನ್ನು ಸವರುತ್ತಾ, ಪಕ್ಕದಲ್ಲಿದ್ದ ಚಪ್ಪಲಿ ನೋಡಿ ಹೇಳಿದಳು. "ಕರೀದನ್ನ ಯಾಕ ಮುಚ್ಚತಿ? ಇದರಾಗ ಕರೀದು ಎಷ್ಟ ಚಂದ ಕಾಣತೈತಿ ನೋಡು."

ಆ ಮಾತು ನನಗೆ ಎರಡು ಥರ ಉಪಯೋಗಕ್ಕೆ ಬಂತು. ಚಂದಕ್ಕೆ ಸರಿ. ಬಾಳಿಕೆಗೂ ಸರಿ! ಅಗಲವಾದ ಒಂದೇ ಪೊರೆ ಬಗ್ಗಿದಾಗ ಪೂರ್ತಿ ಎಳೆದಾಡುತ್ತದೆ, ಎಲ್ಲೋ ಒಂದು ಕಡೆ ಕಿತ್ತುಕೊಳ್ಳುತ್ತದೆ. ಸಣ್ಣ ಸಣ್ಣ ಬಿಡಿ ಗೆರೆಗಳಾದರೆ ಫೋಮ್ ಅವುಗಳ ನಡುವಿನ ಖಾಲಿ ಜಾಗದಲ್ಲಿ ಬಗ್ಗುತ್ತದೆ, ಗೆರೆಗೆ ಎಳೆತವೇ ಕಡಿಮೆ. ಗವಂತಿ ಹೊಲಿಗೆ ಹಾಕಿದ ಹಾಗೆ, ಅಕ್ಕಿ ಕಾಳಿಗಿಂತ ಸಣ್ಣ ಗೆರೆ ಎಳೆದು, ಜಾಗ ಬಿಟ್ಟು, ಮತ್ತೆ ಗೆರೆ. ಸೊನ್ನೆ ನಂಬರಿನ ಕುಂಚ. ಪಟ್ಟಿಯ ಬದಿಗಳಲ್ಲಿ ಒಂದೊಂದು ಗೋಪುರ, ತಳದ ದಪ್ಪ ಅಂಚಿನ ಸುತ್ತ ಮುರ್ಗಿಯ ಮೆಟ್ಟಿಲು ಮೆಟ್ಟಿಲು ಸಾಲು. ಸರಿಯಾಗಿ ಮಡಚುವ ಜಾಗವನ್ನು ಖಾಲಿ ಬಿಟ್ಟೆ. ಬಿಳಿ, ಹಳದಿ, ಹಸಿರು, ಸ್ವಲ್ಪ ಕೆಂಪು. ಒಂದು ಜೊತೆಗೆ ನಾಲ್ಕು ಸಂಜೆ ಹಿಡಿಯಿತು. ಅದರ ಮೇಲೆ ತೊಗಲಿಗೆ ಹಚ್ಚುವ ನೀರಿನ ಫಿನಿಶ್, ಮ್ಯಾಟ್ ಇರುವುದು, ಒಂದೇ ತೆಳು ಕೈ. ಏಳು ದಿನ ಮುಟ್ಟದೆ ಇಟ್ಟೆ. ಮುಟ್ಟಿದರೆ ಒಣಗಿದೆ ಅನಿಸುವುದು ಬೇರೆ, ಒಳಗಿನಿಂದ ಹದವಾಗುವುದು ಬೇರೆ. ಇಲ್ಲಿ ಅವಸರ ಮಾಡಿದವರೇ ಬಣ್ಣಕ್ಕೆ ಬೈಯುವುದು.

ಹದ ಬಂದಿದೆಯಾ ಅಂತ ನೋಡುವುದು ಸುಲಭ. ಸೆಲ್ಲೋಟೇಪ್ ಗಟ್ಟಿಯಾಗಿ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಟೇಪಿಗೆ ಬಣ್ಣ ಬಂದರೆ ಮೇಲ್ಮೈ ತಯಾರಿ ಸರಿ ಆಗಿಲ್ಲ. ಒಂದು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಐವತ್ತು ಸಲ ಮಡಚಿ ನೋಡಿ. ಇದನ್ನು ಹಳೆ ಚಪ್ಪಲಿಯ ತುಂಡಿನ ಮೇಲೆ ಮೊದಲೇ ಮಾಡಿಕೊಂಡರೆ ಹೊಸದು ಉಳಿಯುತ್ತದೆ.

ಈ ಜೊತೆಗೆ ಈಗ ಹದಿನಾಲ್ಕು ತಿಂಗಳು. ಧಾರವಾಡದ ಒಂದು ಪೂರ್ತಿ ಮಳೆಗಾಲ, ಆ ಕೆಂಪು ರಾಡಿ, ದಿನಾ ತೊಳೆಯುವುದು, ಎಲ್ಲ ತಿಂದಿದೆ. ಎಡಗಾಲಿನ ಹೊರಗಡೆ ಮೂರು ಗೆರೆ ಸವೆದಿವೆ, ಅವ್ವ ಆ ಕಡೆ ಒತ್ತಿ ನಡೆಯುತ್ತಾಳೆ ಅದಕ್ಕೆ. ಉಳಿದದ್ದು ಹಾಗೇ ಇದೆ. ಮುಖ್ಯವಾದದ್ದು, ಅವ್ವ ಅದನ್ನು ಹಾಕಿಕೊಂಡು ನನ್ನ ತಮ್ಮನ ಮಗಳ ಮದುವೆಗೆ ಬಂದಳು. ಟೋಪ್ ತೆನಿ ಸೆರಗಿನ ಇಳಕಲ್ ಸೀರೆ, ಕಾಲಲ್ಲಿ ಕಸೂತಿ ಚಪ್ಪಲಿ. ಬೀಗರ ಕಡೆಯ ಒಬ್ಬರು ಇದು ಎಲ್ಲಿ ತಗೊಂಡ್ರಿ ಅಂತ ಕೇಳಿದರಂತೆ. ಹುಣಸೆ ಬೀಜದ ಆ ಹುಣ್ಣಿನ ನಂತರ ಅವಳ ಕಾಲಿಗೆ ಮತ್ತೆ ಗಾಯ ಆಗಿಲ್ಲ. ಬಣ್ಣದಿಂದ ಗಾಯ ತಪ್ಪಿತು ಅನ್ನುತ್ತಿಲ್ಲ. ಚಪ್ಪಲಿ ಕಾಲಲ್ಲಿ ಇದ್ದದ್ದರಿಂದ ತಪ್ಪಿತು. ಬಣ್ಣ ಬಂದ ಮೇಲೆ ಚಪ್ಪಲಿ ಕಾಲಲ್ಲಿ ಇತ್ತು.

ಇದನ್ನು ಓದಿ ಯಾರಾದರೂ ತಮ್ಮ ಮನೆಯ ಹಿರಿಯರ ಚಪ್ಪಲಿಗೆ ಮಾಡುವುದಾದರೆ ಕೈ ಮುಗಿದು ಒಂದು ಮಾತು. ಪಾದ ಊರುವ ಜಾಗಕ್ಕೆ ಬಣ್ಣ ಬೇಡವೇ ಬೇಡ. ಪಟ್ಟಿಯ ಒಳಮೈಗೂ ಬೇಡ. ಒಂದು ಹೆಕ್ಕಳ ಬಣ್ಣ ಎದ್ದು ಕಾಲಿನ ಕೆಳಗೆ ಸೇರಿದರೆ ಅದೇ ಇನ್ನೊಂದು ಹುಣಸೆ ಬೀಜ. ಉಬ್ಬುವ ತ್ರೀಡಿ ಬಣ್ಣ, ಮಣಿ, ಕನ್ನಡಿ, ಹರಳು ಅಂಟಿಸಬೇಡಿ. ಸ್ಪರ್ಶ ಇಲ್ಲದ ಕಾಲಿಗೆ ಅವು ಉಜ್ಜಿದ್ದು ಗೊತ್ತಾಗುವುದಿಲ್ಲ. ನೆಲ ಮುಟ್ಟುವ ಅಡಿಭಾಗಕ್ಕೆ ಹಚ್ಚಿದರೆ ಜಾರುತ್ತದೆ. ಎಷ್ಟೇ ಚಂದದ ಚಪ್ಪಲಿ ಆದರೂ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡುವುದು ಬಿಡಬೇಡಿ. ಚಪ್ಪಲಿ ಹಾಕುವ ಮೊದಲು ಅದನ್ನು ಬೋರಲು ಹಾಕಿ ಒಮ್ಮೆ ಬಡಿಯಿರಿ.

ಇಷ್ಟು ಬರೆದದ್ದು ನನ್ನಂಥವರಿಗೆ. ಆದರೆ ನಿಜವಾಗಿ ಈ ಪತ್ರ ತಲುಪಬೇಕಾದ್ದು ಈ ಚಪ್ಪಲಿ ಮಾಡುವವರಿಗೆ. ಮಕ್ಕಳ ಫೋಮ್ ಚಪ್ಪಲಿ ಅಂಗಡಿಯಲ್ಲಿ ನೋಡಿ. ತೊಂಡೆಹಣ್ಣಿನ ಕೆಂಪು, ಗಿಣಿ ಹಸಿರು, ನಿಂಬೆ ಹಳದಿ, ನೇರಳೆ, ಸಾಲಾಗಿ ತೂಗುಹಾಕಿರುತ್ತಾರೆ. ಅವುಗಳ ಬಣ್ಣ ಸುಲಿಯುವುದೂ ಇಲ್ಲ, ಬಿರಿಯುವುದೂ ಇಲ್ಲ. ಯಾಕೆಂದರೆ ಅದು ಮೇಲೆ ಹಚ್ಚಿದ್ದಲ್ಲ. ಅಚ್ಚಿಗೆ ಹಾಕುವ ಮೊದಲೇ ಇವಿಎ ಕಾಳಿನ ಜೊತೆ ಬಣ್ಣದ ಕಾಳು ಬೆರೆಸುತ್ತಾರೆ. ಕತ್ತರಿಸಿದರೂ ಒಳಗೆ ಅದೇ ಬಣ್ಣ. ಸಕ್ಕರೆ ಕಾಯಿಲೆಯವರ ಚಪ್ಪಲಿಯ ಪಟ್ಟಿ, ತಳವೂ ಅದೇ ಇವಿಎ. ಅದೇ ಕಾಳು, ಅದೇ ಅಚ್ಚು. ಹಾಗಿದ್ದ ಮೇಲೆ ಅದು ಯಾಕೆ ಕಪ್ಪು, ಕಂದು ಮಾತ್ರ ಇರಬೇಕು? ಕಾಯಿಲೆ ಬಂದ ಹೆಂಗಸಿಗೆ ಮೆರೂನ್ ಬೇಡ ಅಂತ ಯಾರು ತೀರ್ಮಾನ ಮಾಡಿದರು? ಮದುವೆಗೆ, ಜಾತ್ರೆಗೆ, ಗುಡಿಗೆ ಹೋಗುವವರೂ ಇದನ್ನು ಹಾಕುತ್ತಾರೆ ಅನ್ನುವುದನ್ನು ನೆನಪಿಟ್ಟುಕೊಂಡು ನಾಲ್ಕು ಬಣ್ಣ ಮಾಡಿ. ನಮ್ಮ ರಾಜ್ಯ ಸರ್ಕಾರದ್ದೇ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್ ಇದೆ, ಚಪ್ಪಲಿ ಮಾಡುವುದರಲ್ಲಿ ಪಳಗಿದ ಕೈಗಳು ಅಥಣಿಯಿಂದ ಹಿಡಿದು ಎಲ್ಲ ಕಡೆ ಇವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ, ಅಂದರೆ ಇದು ಈ ಸೀಮೆಯದು ಅನ್ನುವ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಮ್ಮ ನಾಲ್ಕು ಜಿಲ್ಲೆಗಳಿವೆ. ಆ ಕುಶಲತೆಯನ್ನು ಎಂಸಿಆರ್ ತಳದ ಮೇಲೆ ತಂದರೆ ಎಷ್ಟು ಚೆನ್ನ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲಿನ ತಪಾಸಣೆಗೆ ಬರುವ ಅಮ್ಮಂದಿರನ್ನು ಯಾರಾದರೂ ಒಮ್ಮೆ ಕೂರಿಸಿ, ನಿಮಗೆ ಯಾವ ಬಣ್ಣ ಬೇಕು ಅಂತ ಕೇಳಿ ನೋಡಿ.

ಕೊನೆಯದಾಗಿ ನನ್ನದೊಂದು ಪ್ರಶ್ನೆ. ಕೆಂಪು ನನಗೆ ಇನ್ನೂ ಸಿಕ್ಕಿಲ್ಲ. ಅಗ್ಗದ ಕೆಂಪು ಪೇಸ್ಟ್‌ಗಳು ಒಂದು ಬೇಸಿಗೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ಕೆಮ್ಮಣ್ಣಿನ ಕೆಂಪು, ಅಂದರೆ ಐರನ್ ಆಕ್ಸೈಡ್, ಜನ್ಮಕ್ಕೂ ಹೋಗುವುದಿಲ್ಲ, ಆದರೆ ಅದು ಮಂಕು. ಕ್ವಿನಾಕ್ರಿಡೋನ್ ಅನ್ನುವ ಕೆಂಪು ಬಿಸಿಲಿಗೆ ನಿಲ್ಲುತ್ತದೆ, ಆದರೆ ಅದು ಗುಲಾಬಿ ಕಡೆ ವಾಲುತ್ತದೆ, ಟ್ಯೂಬಿನ ಬೆಲೆಯೂ ಜಾಸ್ತಿ. ಅವ್ವನಿಗೆ ಬೇಕಾಗಿರುವುದು ಇಳಕಲ್ ಸೆರಗಿನ ಕೆಂಪು, ಅದಕ್ಕಿಂತ ಒಂದು ಚೂರು ಆಚೆ ಈಚೆ ಆದರೂ ಒಪ್ಪುವುದಿಲ್ಲ. ದಸರೆಗೆ ಹೊಸ ಜೊತೆ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಬಟ್ಟೆಗೆ ಬಣ್ಣ ಹಾಕುವವರು, ಸ್ಕ್ರೀನ್ ಪ್ರಿಂಟಿಂಗ್‌ನವರು, ಶೂಗಳಿಗೆ ಚಿತ್ರ ಬಿಡಿಸುವವರು ಯಾರಾದರೂ ಬಗ್ಗುವ, ಬಿಸಿಲಿಗೆ ನಿಲ್ಲುವ ಅಂಥ ಕೆಂಪು ಕಂಡಿದ್ದರೆ ಇದೇ ಅಂಕಣಕ್ಕೆ ಬರೆದು ತಿಳಿಸಿ.

ಇತಿ,
ನಿಮ್ಮ ಓದುಗಿ
ಧಾರವಾಡ